ಗೀರು ಸಣ್ಣದು, ಹಕ್ಕು ಸಣ್ಣದಲ್ಲ

ಬ್ರಿಟನ್ನಿನಲ್ಲಿ ಹೊಸ ಸ್ಪೀಕರಿನ ಮೈಮೇಲಿನ ಗೀರು ತೋರಿಸಿದ ಗ್ರಾಹಕರಿಗೆ ಅಂಗಡಿಗಳು ಕೊಡುವ ಸಿದ್ಧ ಉತ್ತರ: ‘ಧ್ವನಿಗೇನೂ ತೊಂದರೆಯಿಲ್ಲವಲ್ಲ!’ ಇರಬಹುದು, ಆದರೆ ಪೂರ್ಣ ಬೆಲೆ ಪಡೆದವರಿಗೆ ಈ ವೈರಾಗ್ಯ ಬೋಧಿಸುವ ಅಧಿಕಾರವಿಲ್ಲ. ಅಲ್ಲಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯು ಸರಕಿನ ಗುಣಮಟ್ಟವನ್ನು ಅಳೆಯುವಾಗ ನೋಟ, ನಯಗೆಲಸ, ಸಣ್ಣ ದೋಷಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಗುಣಮಟ್ಟ ತೃಪ್ತಿಕರವಲ್ಲದಿದ್ದರೆ 30 ದಿನಗಳೊಳಗೆ ತಿರಸ್ಕರಿಸಿ ಹಣ ಹಿಂಪಡೆಯುವ ಹಕ್ಕನ್ನೂ ನೀಡುತ್ತದೆ.

ಹಾಗೆಂದು ಅಕ್ಕಿಕಾಳಿನಷ್ಟು ಗೀರಿಗಾಗಿ ಭಾರದ ಪೆಟ್ಟಿಗೆಯನ್ನು ಮತ್ತೆ ಲಾರಿಗೇರಿಸುವುದು ಪರಿಸರದ ಪರ ಭಾಷಣ ಮಾಡುವವರಿಗೆ ಒಪ್ಪುವಂಥದಲ್ಲ. ಧ್ವನಿ ಸರಿಯಿದ್ದರೆ ಸ್ಪೀಕರ್ ಮನೆಯಲ್ಲೇ ಉಳಿಯಲಿ. ಗೀರಿನ ಚಿತ್ರ ತೆಗೆದು, ಆ ಹಕ್ಕಿನ ಬಲದ ಮೇಲೆ ಬೆಲೆ ಇಳಿಸುವಂತೆ ಲಿಖಿತವಾಗಿ ಕೇಳಲಿ. ಸುಮ್ಮನೆ ‘ಅಡ್ಜಸ್ಟ್’ ಮಾಡಿಕೊಳ್ಳುವುದು ಸಹನೆಯಲ್ಲ; ಅದು ಗ್ರಾಹಕರೇ ಅಂಗಡಿಗೆ ಕೊಡುವ ರಿಯಾಯಿತಿ.