ನಿಂತ ವಿಮಾನದ ಹೊಗೆ ಯಾರ ಲೆಕ್ಕಕ್ಕೆ?

ಮುಂಬಯಿಯ ವಾಕೋಲಾ, ಕಲೀನಾ, ಮರೋಳ, ಸಾಕಿನಾಕಾ ಪರಿಸರದಲ್ಲಿ ನೆಲಸಿರುವ ಕನ್ನಡಿಗರಿಗೆ ವಿಮಾನದ ಸದ್ದನ್ನು ಯಾರೂ ಪರಿಚಯಿಸಬೇಕಾಗಿಲ್ಲ. ತಲೆಯ ಮೇಲೆ ವಿಮಾನ ಹಾದಾಗ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಅದು ಹೋದ ಮೇಲೆ ಮುಂದುವರಿಸುವ ಅಭ್ಯಾಸ ಅಲ್ಲಿನ ಮಕ್ಕಳಿಗೂ ಇದೆ. ಆದರೆ ನಾವು ಇಂದು ಹೇಳಹೊರಟಿರುವುದು ಹಾರುವ ವಿಮಾನದ ವಿಚಾರವಲ್ಲ, ನಿಂತ ವಿಮಾನದ ವಿಚಾರ. ಎಲ್ಲಿಗೂ ಹೋಗದೆ, ಯಾರನ್ನೂ ಎಲ್ಲಿಗೂ ಮುಟ್ಟಿಸದೆ ಅದು ಸುಡುವ ಎಣ್ಣೆಯ ವಿಚಾರ.

ಈಗ ದೊಡ್ಡ ವಿಮಾನ ನಿಲ್ದಾಣಗಳೆಲ್ಲ ತಾವು ‘ಕಾರ್ಬನ್ ನ್ಯೂಟ್ರಲ್’ ಎಂದು ಫಲಕ ಹಾಕಿಕೊಳ್ಳುವ ಕಾಲ. 2009ರಲ್ಲಿ ಯುರೋಪಿನಲ್ಲಿ ಆರಂಭವಾದ ಒಂದು ಪ್ರಮಾಣಪತ್ರದ ಪದ್ಧತಿ ನಮ್ಮ ದೇಶಕ್ಕೂ ಬಂದಿದೆ. ಅದರ ಒಳಗನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅಲ್ಲಿ ‘ನ್ಯೂಟ್ರಲ್’ ಎಂದರೆ ನಿಲ್ದಾಣದ ಸ್ವಂತ ದೀಪ, ಸ್ವಂತ ಎ.ಸಿ., ಸ್ವಂತ ವಾಹನಗಳ ಲೆಕ್ಕ ಮಾತ್ರ. ವಿಮಾನಗಳ ಹೊಗೆ, ಪ್ರಯಾಣಿಕರು ಬರುವ ಕಾರುಗಳ ಹೊಗೆ ಬೇರೆ ಕಲಮಿನಲ್ಲಿ. ಅದನ್ನು ಅಳೆದು ಬರೆದಿಟ್ಟರೂ ಆ ಬಿರುದಿಗೆ ಅದು ಅಡ್ಡಬರುವುದಿಲ್ಲ. ಹೋಟೆಲಿನವನು ಅಡುಗೆಮನೆಯನ್ನು ಬಿಟ್ಟು ಗಲ್ಲಾಪೆಟ್ಟಿಗೆಯ ಸುತ್ತಲಷ್ಟೇ ಗುಡಿಸಿ ‘ನಮ್ಮದು ಶುಚಿಯಾದ ಹೋಟೆಲು’ ಎಂದರೆ ನಮ್ಮ ಉಡುಪಿ ಹೋಟೆಲಿನ ಬಂಧುಗಳು ಒಪ್ಪುತ್ತಾರೆಯೇ?

ಆಗಿರುವ ಒಳ್ಳೆಯ ಕೆಲಸವನ್ನು ನಾವು ಅಲ್ಲಗಳೆಯುವವರಲ್ಲ. ಕೊಚ್ಚಿ ನಿಲ್ದಾಣ 2015ರಲ್ಲಿ ತನ್ನ ವಿದ್ಯುತ್ತನ್ನೆಲ್ಲ ಸೂರ್ಯನಿಂದ ಪಡೆಯತೊಡಗಿತು. ಮುಂಬಯಿ ನಿಲ್ದಾಣ 2022ರಲ್ಲಿ ಜಲ ಮತ್ತು ಗಾಳಿಯ ವಿದ್ಯುತ್ತಿಗೆ ಬದಲಾಯಿತು. ಸಂತೋಷ. ಆದರೆ ಆ ವಿದ್ಯುತ್ತು ಬಾಗಿಲಲ್ಲಿ ನಿಂತ ವಿಮಾನದವರೆಗೆ ಹೋಗಬೇಡವೇ?

ವಿಮಾನದ ಬಾಲದ ತುದಿಯಲ್ಲಿ ಚಿಕ್ಕದೊಂದು ಎಂಜಿನ್ ಇರುತ್ತದೆ. ದೊಡ್ಡ ಎಂಜಿನ್‌ಗಳು ಆರಿದ ಮೇಲೆ ಒಳಗಿನ ದೀಪಕ್ಕೂ ತಂಪಿಗೂ ಅದೇ ಗತಿ. ನಮ್ಮ ಜನ ಮಂಗಳೂರಿಗೆ, ಬೆಂಗಳೂರಿಗೆ ಏರುವ ಏರ್‌ಬಸ್ 320ರಂಥ ವಿಮಾನದಲ್ಲಿ ಅದು ಗಂಟೆಗೆ ಸುಮಾರು ನೂರು ಕಿಲೊ ಇಂಧನ ಕುಡಿಯುತ್ತದೆ. ನಿಲ್ದಾಣದ ಒಂದು ವಿದ್ಯುತ್ ಕೇಬಲ್ಲು, ತಂಪುಗಾಳಿಯ ಒಂದು ಕೊಳವೆ ಜೋಡಿಸಿದರೆ ಆ ಎಂಜಿನ್ನನ್ನು ಆರಿಸಿಡಬಹುದು. ಇದೇನು ನಾಳಿನ ಆವಿಷ್ಕಾರವಲ್ಲ. ಜ್ಯೂರಿಕ್ ನಿಲ್ದಾಣದಲ್ಲಿ ಇಂಥ ವ್ಯವಸ್ಥೆ ಇರುವ ಕಡೆ ಬಾಲದ ಎಂಜಿನ್ ಓಡಿಸುವುದಕ್ಕೆ ನಿರ್ಬಂಧವೇ ಇದೆ. ನಮ್ಮಲ್ಲಿಯೂ ದೊಡ್ಡ ನಿಲ್ದಾಣಗಳಲ್ಲಿ ಕೇಬಲ್ಲು ಬಂದಿದೆ. ಅದನ್ನು ಬಳಸಲೇಬೇಕೆಂಬ ಬಿಗಿ ಬರಬೇಕು.

ಇನ್ನು ಸಾಲುಗಟ್ಟುವ ಮಾತು. ಮುಂಬಯಿಯ ಎರಡು ರನ್‌ವೇಗಳು ಒಂದನ್ನೊಂದು ಕತ್ತರಿಸುತ್ತವೆ. ಒಮ್ಮೆಗೆ ಒಂದನ್ನೇ ಬಳಸಬೇಕು. ಆದ್ದರಿಂದ ಸಂಜೆಯ ಹೊತ್ತು ಹೊರಡುವ ವಿಮಾನಗಳು ದಾದರ್ ಸ್ಟೇಷನ್ನಿನ ಟ್ಯಾಕ್ಸಿಗಳಂತೆ ಒಂದರ ಹಿಂದೆ ಒಂದು, ಎರಡೂ ಎಂಜಿನ್ ಉರಿಸುತ್ತ ತೆವಳುತ್ತವೆ. ಹೀಗೆ ತೆವಳುವ ಮಧ್ಯಮ ಗಾತ್ರದ ವಿಮಾನಕ್ಕೆ ನಿಮಿಷಕ್ಕೆ ಸುಮಾರು ಹತ್ತು ಕಿಲೊ ಇಂಧನ. ಒಂದು ಕಿಲೊ ಇಂಧನ ಉರಿದರೆ 3 ಕಿಲೊಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್. ದಿನಕ್ಕೆ 400 ವಿಮಾನ ಹೊರಡುವ ನಿಲ್ದಾಣದಲ್ಲಿ ತಲಾ 5 ನಿಮಿಷ ಉಳಿಸಿದರೆಂದು ಇಟ್ಟುಕೊಳ್ಳಿ: 20 ಟನ್ ಇಂಧನ ಉಳಿಯಿತು, 60 ಟನ್ನಿಗೂ ಮೇಲೆ ಇಂಗಾಲದ ಹೊಗೆ ತಪ್ಪಿತು. ಒಂದು ದಿನಕ್ಕೆ! ಇದು ಬೆರಳೆಣಿಕೆಯ ಗುಣಾಕಾರ; ಪಂಡಿತರೇ ಬೇಕೆಂದಿಲ್ಲ.

ಉಳಿಸುವ ದಾರಿಗಳೂ ಕಂಡಿವೆ. ದಾರಿಯ ಬಹುಭಾಗ ಒಂದೇ ಎಂಜಿನ್ ಬಳಸಬಹುದು. 2019ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಪ್ರಯಾಣಿಕರು ಕುಳಿತಿದ್ದ ಏರ್ ಇಂಡಿಯಾ ವಿಮಾನವೊಂದನ್ನು ‘ಟ್ಯಾಕ್ಸಿಬಾಟ್’ ಎಂಬ ಎಳೆಯುವ ಗಾಡಿ ರನ್‌ವೇಯ ಹತ್ತಿರದವರೆಗೆ ಒಯ್ದಿತು. ವಿಮಾನದ ಎಂಜಿನ್‌ಗಳು ಆರಿದ್ದವು. ಅದೇ ದೆಹಲಿಯಲ್ಲಿ 2023ರಲ್ಲಿ ಎತ್ತರದ ಅಡ್ಡದಾರಿಯೊಂದನ್ನು ಕಟ್ಟಿದ್ದರಿಂದ ಕೆಲವು ವಿಮಾನಗಳು 9 ಕಿಲೊಮೀಟರು ತೆವಳುತ್ತಿದ್ದುದು 2 ಕಿಲೊಮೀಟರಿಗೆ ಇಳಿಯಿತು. ಸಾಮಾನು ಎಳೆಯುವ ಟ್ರಾಕ್ಟರು, ಏಣಿಗಾಡಿ, ಬಸ್ಸುಗಳ ಮಾತಂತೂ ಇನ್ನೂ ಸುಲಭ. ಅವು ಇಡೀ ದಿನ ಒಂದೇ ಅಂಗಳದಲ್ಲಿ ನಿಂತು ನಿಂತು ಓಡುವಂಥವು. ಬ್ಯಾಟರಿಗೆ ಅವಕ್ಕಿಂತ ಒಗ್ಗುವ ವಾಹನ ಬೇರೆ ಯಾವುದಿದೆ?

ಕೆಲವು ಮಹನೀಯರು ಮೂಗು ಮುರಿಯುತ್ತಾರೆ: ಜಗತ್ತಿನ ಇಂಗಾಲದಲ್ಲಿ ವಿಮಾನದ ಪಾಲು ನೂರಕ್ಕೆ ಎರಡೂವರೆಯಷ್ಟು, ಅದರಲ್ಲೂ ಬಹುಪಾಲು ಆಕಾಶದಲ್ಲಿ, ನೆಲದ ಪುಡಿಗಾಸನ್ನು ಯಾಕೆ ಎಣಿಸುತ್ತೀರಿ? ಆಕಾಶದಲ್ಲಿ ಸುಡುವ ಎಣ್ಣೆಯಿಂದ ಜನ ಊರು ಸೇರುತ್ತಾರೆ, ಸ್ವಾಮಿ. ನೆಲದಲ್ಲಿ ಕಾಯುತ್ತ ಸುಟ್ಟದ್ದರಿಂದ ಯಾರಿಗೇನು ಲಾಭ? ಹಾರಾಟ ಚಿಕ್ಕದಾದಷ್ಟೂ ಈ ವ್ಯರ್ಥದ ಪಾಲು ದೊಡ್ಡದು; ಮುಂಬಯಿ–ಮಂಗಳೂರಿನಂಥ ಚಿಕ್ಕ ಹಾರಾಟಗಳಲ್ಲೇ ನಮ್ಮವರು ಹೆಚ್ಚಾಗಿ ಓಡಾಡುವುದು. ಮೇಲಾಗಿ ನೆಲದ ಹೊಗೆಯಲ್ಲಿ ಇಂಗಾಲವೊಂದೇ ಇರುವುದಲ್ಲ. ಸಾರಜನಕದ ಆಕ್ಸೈಡುಗಳೂ ಸೂಕ್ಷ್ಮ ಮಸಿಯೂ ಅದರೊಡನೆ ಹೊರಟು, ಗೋಡೆಯಾಚೆಯ ಬಡವರ ಎದೆಗಿಳಿಯುತ್ತವೆ. ಟಿಕೆಟು ಕೊಂಡವರು ಬೇರೆಯವರು, ಕೆಮ್ಮುವವರು ಬೇರೆಯವರು.

ನಿಲ್ದಾಣದ ಹೊರಗಿನ ಮಾತೂ ಒಂದಿಷ್ಟು. ಊರಿಂದ ಅತ್ತೆಯವರೊಬ್ಬರು ಬಂದಿಳಿದರೆ ಎದುರುಗೊಳ್ಳಲು ಎರಡು ಕಾರು ತುಂಬ ಮಂದಿ ಹೋಗುವುದು ನಮ್ಮ ಪ್ರೀತಿಯ ಪದ್ಧತಿ; ಅದನ್ನು ಆಡಿಕೊಳ್ಳುವುದು ನಮ್ಮ ಉದ್ದೇಶವಲ್ಲ. ಆದರೆ 2008ರಲ್ಲಿ ಬೆಂಗಳೂರಿನ ಹೊಸ ನಿಲ್ದಾಣವನ್ನು ಊರಿನಿಂದ ಮೂವತ್ತು ಕಿಲೊಮೀಟರಿಗೂ ಆಚೆ, ದೇವನಹಳ್ಳಿಯ ಬಳಿ ತೆರೆದಾಗ ಅದಕ್ಕೆ ರೈಲನ್ನೇ ಕೊಡಲಿಲ್ಲ. ಹತ್ತಿರದಲ್ಲೊಂದು ರೈಲು ನಿಲುಗಡೆ ಬಂದದ್ದು 2021ರಲ್ಲಿ. ಮುಂಬಯಿಯ ನಿಲ್ದಾಣಕ್ಕೆ ಭೂಗತ ಮೆಟ್ರೊ ಮುಟ್ಟಿದ್ದು 2024ರಲ್ಲಿ. ಮೊದಲು ರನ್‌ವೇ, ಆಮೇಲೆ ಮಾಲು, ಕೊನೆಗೆ ರೈಲು ಎಂಬ ಈ ಕ್ರಮವನ್ನು ಯಾವ ಪ್ರಮಾಣಪತ್ರವೂ ತಿದ್ದಿಲ್ಲ.

ತಿದ್ದುವ ಕೀಲಿಕೈ ಬೇರೆ ಕಡೆ ಇದೆ, ಅದು ಹಣದ ಕೀಲಿಕೈ. ಹೆಚ್ಚು ಹೊಗೆಯ ಎಂಜಿನ್ನಿಗೆ ಹೆಚ್ಚು ಇಳಿದಾಣ ಶುಲ್ಕವೆಂಬ ನಿಯಮವನ್ನು ಜ್ಯೂರಿಕ್ 1997ರಲ್ಲೇ ತಂದಿತು. ನಮ್ಮಲ್ಲಿ ದೊಡ್ಡ ನಿಲ್ದಾಣಗಳ ಶುಲ್ಕ ಗೊತ್ತುಮಾಡಲು ಕೇಂದ್ರದ ಆರ್ಥಿಕ ನಿಯಂತ್ರಣ ಪ್ರಾಧಿಕಾರವೇ ಇದೆ. ಕೇಬಲ್ಲು ಇದ್ದೂ ಬಾಲದ ಎಂಜಿನ್ ಓಡಿಸಿದವನಿಗೆ ದಂಡ, ಎಂಜಿನ್ ಆರಿಸಿ ಎಳೆಸಿಕೊಂಡವನಿಗೆ ರಿಯಾಯಿತಿ ಎಂದು ದರಪಟ್ಟಿಯಲ್ಲೇ ಬರೆಯಲಿ. ದರ ಗೊತ್ತುಮಾಡುವ ಮುನ್ನ ಆ ಪ್ರಾಧಿಕಾರ ಸಮಾಲೋಚನಾ ಪತ್ರ ಹೊರಡಿಸಿ ಅಭಿಪ್ರಾಯ ಕೇಳುತ್ತದೆ. ವಿಮಾನ ಕಂಪನಿಗಳು ತಪ್ಪದೆ ಬರೆಯುತ್ತವೆ. ಮುಂದಿನ ಸಲ ಕಲೀನಾ, ವಾಕೋಲಾ, ಮರೋಳದ ನಮ್ಮ ಸಂಘಸಂಸ್ಥೆಗಳ ಪತ್ರಗಳೂ ಆ ಕಡತದಲ್ಲಿರಲಿ. ಇಂಗ್ಲಿಷಿನಲ್ಲಿ ಕರಡು ಬರೆದುಕೊಡಬಲ್ಲ ವಕೀಲರೂ ಎಂಜಿನಿಯರರೂ ನಮ್ಮ ಸದಸ್ಯರಲ್ಲೇ ಇದ್ದಾರೆ.