ಹಸಿರೆಲ್ಲವೂ ನಿರ್ದೋಷಿಯೇ?

ಮರಬಳ್ಳಿಗಳು ಗಾಳಿಯಲ್ಲಿನ ಇಂಗಾಲವನ್ನು ಹೀರುತ್ತವೆ. ಹೀಗಿರುವಾಗ ಹಣ್ಣಿನ ತೋಟದಿಂದ ಭೂಮಿಯ ತಾಪ ಏರುವುದೆಂತು? ಹವಾಮಾನದ ಮಾತು ಬಂದಾಗಲೆಲ್ಲ ಈ ಪ್ರಶ್ನೆಯನ್ನೇ ಉತ್ತರವೆಂಬಂತೆ ಮುಂದಿಡುವವರಿದ್ದಾರೆ. ಕೇಳಲು ಹಿತವಾದ ಈ ವಾದ ಅರ್ಧಸತ್ಯ ಮಾತ್ರ. ಅರ್ಧಸತ್ಯವು ಸುಳ್ಳಿಗಿಂತಲೂ ಅಪಾಯಕಾರಿ. ಏಕೆಂದರೆ ಅದು ಮನಸ್ಸಾಕ್ಷಿಯನ್ನು ಮಲಗಿಸುತ್ತದೆ.

ದ್ರಾಕ್ಷಿಗೆ ಹೆಸರಾದ ವಿಜಯಪುರ ಜಿಲ್ಲೆಯನ್ನೇ ನೋಡೋಣ. ಅಲ್ಲಿ ಬಳ್ಳಿಗೆ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ, ಚಾಟನಿ ಮಾಡುತ್ತಾರೆ. ಕತ್ತರಿಸಿದ ಕಡ್ಡಿಗಳನ್ನು ರಾಶಿ ಹಾಕಿ ಬೆಂಕಿಯಿಟ್ಟರೆ, ಬಳ್ಳಿ ತಿಂಗಳುಗಟ್ಟಲೆ ಹೀರಿದ ಇಂಗಾಲ ಅಂದೇ ಆಕಾಶಕ್ಕೆ ಮರಳುತ್ತದೆ. ಹಣ್ಣಿನಲ್ಲಿದ್ದದ್ದು ಉಂಡವರ ಉಸಿರಾಗಿ ಹೊರಬೀಳುತ್ತದೆ. ಕಾಂಡ, ಬೇರು, ಮಣ್ಣುಗಳಲ್ಲಿ ಸೇರಿದ್ದಷ್ಟೇ ನಿಜವಾದ ಉಳಿತಾಯ.

ನೀರಿನ ಲೆಕ್ಕ ಇನ್ನೂ ಕಠೋರ. 30 ಮೀಟರ್ ಆಳದ ಬಾವಿಗಿಂತ 300 ಮೀಟರ್ ಆಳದ ಕೊಳವೆಬಾವಿಯಿಂದ ಅಷ್ಟೇ ನೀರೆತ್ತಲು 10 ಪಟ್ಟು ಶಕ್ತಿ ಬೇಕು. ಆ ವಿದ್ಯುತ್ತಿನ ಒಂದು ಪಾಲು ಇಂದಿಗೂ ರಾಯಚೂರು, ಬಳ್ಳಾರಿಗಳಲ್ಲಿ ಕಲ್ಲಿದ್ದಲು ಸುಟ್ಟು ಪಡೆದದ್ದು. ಬರಗಾಲದಲ್ಲಿ ಬಳ್ಳಿ ಉಳಿಸಿಕೊಳ್ಳಲು ರೈತರು ಟ್ಯಾಂಕರ್ ನೀರು ತರಿಸಿದ್ದೂ ಉಂಟು. ಆಗ ಡೀಸೆಲ್ ಹೊಗೆಯೊಡನೆ ಸಾಲವೂ ಏರಿತು.

ಇನ್ನು ಯೂರಿಯಾ. ನಮ್ಮ ದೇಶದಲ್ಲಿ ಅದು ತಯಾರಾಗುವುದು ಬಹುಪಾಲು ನೈಸರ್ಗಿಕ ಅನಿಲದಿಂದ. ಬೇರು ಹೀರದೆ ಬಿಟ್ಟ ಸಾರಜನಕದ ಒಂದಂಶ ಮಣ್ಣಿನಲ್ಲಿ ನೈಟ್ರಸ್ ಆಕ್ಸೈಡ್ ಆಗಿ ಮಾರ್ಪಡುತ್ತದೆ. ತೂಕಕ್ಕೆ ತೂಕವಿಟ್ಟು 100 ವರ್ಷಗಳ ಅವಧಿಗೆ ಲೆಕ್ಕ ಹಾಕಿದರೆ, ಈ ಅನಿಲದ ತಾಪಕಾರಿ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 273 ಪಟ್ಟು.

ಹಾಗೆಂದು ರೈತನೊಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯದ ಪರಮಾವಧಿ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ಉಳಿಸಿದವನಿಗೂ ಪೋಲು ಮಾಡಿದವನಿಗೂ ಬಿಲ್ಲು ಒಂದೇ: ಸೊನ್ನೆ. ಈ ನೆರವನ್ನು ಕಿತ್ತುಕೊಳ್ಳಿರೆಂದು ನಾನು ಹೇಳುವುದಿಲ್ಲ. ಉಳಿಸಿದ ಪ್ರತಿ ಯೂನಿಟ್ಟಿಗೂ ರೈತನ ಖಾತೆಗೆ ಹಣ ಬರಲೆಂದು ಕೇಳುತ್ತೇನೆ. ಯೂರಿಯಾಕ್ಕೆ ಸುರಿಯುವ ಸಹಾಯಧನದ ಒಂದು ಪಾಲು ಕಾಂಪೋಸ್ಟ್ ಗೊಬ್ಬರಕ್ಕೂ, ಕಡ್ಡಿ ಪುಡಿಮಾಡುವ ಯಂತ್ರಗಳ ಬಾಡಿಗೆಗೂ ಸಲ್ಲಲಿ.

ಕಡ್ಡಿ ಸುಡದಿದ್ದರೆ ರೋಗ ಹರಡುತ್ತದೆಂಬ ಆಕ್ಷೇಪವುಂಟು. ಅದನ್ನು ತಳ್ಳಿಹಾಕಲಾಗದು. ಆದರೆ ರೋಗ ತಗುಲಿದ ಕಡ್ಡಿಯನ್ನು ಬೇರ್ಪಡಿಸಿ ತೋಟದಿಂದ ಹೊರಹಾಕುವುದು ಬೇರೆ, ಆರೋಗ್ಯವಾದದ್ದನ್ನೂ ಅದರೊಡನೆ ಸುಡುವುದು ಬೇರೆ. ಆರೋಗ್ಯಕರ ಕಡ್ಡಿಯನ್ನು ಪುಡಿಮಾಡಿ ಸಾಲುಗಳ ಬುಡಕ್ಕೆ ಹೊದಿಸಿದರೆ ತೇವ ಆರುವುದು ತಗ್ಗುತ್ತದೆ. ಪಂಪು ಓಡುವ ಗಂಟೆಗಳೂ ತಗ್ಗುತ್ತವೆ. ಮಣ್ಣನ್ನೂ ಎಲೆತೊಟ್ಟನ್ನೂ ಪರೀಕ್ಷೆ ಮಾಡಿಸಿ, ಬಳ್ಳಿ ಬೇಡಿದಷ್ಟೇ ಗೊಬ್ಬರವನ್ನು ಹನಿ ನೀರಿನೊಡನೆ ಕೊಟ್ಟರೆ ಚೀಲದ ಖರ್ಚೂ ಇಳಿಯುತ್ತದೆ.

ಇವು ಯಾವುವೂ ರೈತನ ಆದಾಯಕ್ಕೆ ಶತ್ರುವಲ್ಲ. ಉದಾಸೀನವೇ ಅವನ ಶತ್ರು. ಹವಾಮಾನ ಕೆಟ್ಟು ಅಕಾಲಿಕ ಮಳೆ ಸುರಿದಾಗ ಮೊದಲು ಕೊಳೆಯುವುದು ಭಾಷಣಕಾರರ ಮಾತಲ್ಲ, ಅವನ ದ್ರಾಕ್ಷಿಗೊಂಚಲು. ಆದ್ದರಿಂದ ಹಸಿರನ್ನು ಹೊಗಳುವುದು ಸಾಕು. ಆ ಹಸಿರಿನ ಹಿಂದಿರುವ ಹೊಗೆಯ ಲೆಕ್ಕವನ್ನು ಸರ್ಕಾರವೂ, ಹಣ್ಣು ತಿನ್ನುವ ನಾವೂ ರೈತನ ಜೊತೆ ಕುಳಿತು ಬರೆಯೋಣ.