ಆಂಡರ್ಸನ್ ಕೈಗೆ ಇವತ್ತಿನ ರೈಫಲ್ ಕೊಟ್ರೆ?

ಮಿರ್ಲೆ ಬಸ್‌ಸ್ಟ್ಯಾಂಡಲ್ಲಿ ಮೊನ್ನೆ ಶುರುವಾದ ವಾದ ಇದು. ಮೊಬೈಲಲ್ಲಿ ಒಂದು ವಿಡಿಯೊ. ಕಗ್ಗತ್ತಲು, ಥರ್ಮಲ್ ಸ್ಕೋಪಲ್ಲಿ ಬೆಳ್ಳಗೆ ಹೊಳೆಯೋ ಕಾಡುಹಂದಿ, ಒಂದೇ ಗುಂಡು. "ಕೆನೆತ್ ಆಂಡರ್ಸನ್ ಹತ್ರ ಇದು ಇದ್ದಿದ್ರೆ ನರಭಕ್ಷಕಗಳೆಲ್ಲ ಒಂದೊಂದೇ ರಾತ್ರಿಗೆ ಫಿನಿಶ್ ಮಗಾ" ಅಂದ ಒಬ್ಬ. ಎಲ್ರೂ ಹೂಂ ಅಂದ್ರು. ನಾನು ಅನ್ನಲಿಲ್ಲ.

ತೇಜಸ್ವಿ ಕನ್ನಡಕ್ಕೆ ತಂದ 'ಕಾಡಿನ ಕಥೆಗಳು' ಓದಿರೋರಿಗೆ ಬೆಂಗಳೂರಿನ ಆಂಡರ್ಸನ್ (1910–1974) ಗೊತ್ತು. ಅವರ ಕೈಲಿದ್ದದ್ದು .405 ವಿಂಚೆಸ್ಟರ್, 1895ರ ಮಾಡೆಲ್. ಒಂದೊಂದು ಗುಂಡಿಗೂ ಲಿವರ್ ಎಳೀಬೇಕು. ಹಾಗಂತ ಅವರು ಹೊಸದನ್ನ ಕಂಡ್ರೆ ಮುಖ ತಿರುಗಿಸೋರಲ್ಲ. ರೈಫಲ್ಲಿಗೆ ಟಾರ್ಚ್ ಸಿಕ್ಕಿಸ್ಕೊಂಡು ಮಚಾನಲ್ಲಿ ಕೂತವರು. ಆ ಕಾಲಕ್ಕೆ ಅದೇ ಥರ್ಮಲ್ ಸ್ಕೋಪು!

ಆದ್ರೆ ಕಥೆ ಗಮನಿಸಿ. ಗುಂಡು ಹಾರೋದು ಕೊನೇಲಿ. ಅದಕ್ಕೂ ಮೊದಲು ಹೆಜ್ಜೆಗುರುತು, ದನ ಕಾಯೋರ ಮಾತು, ಜಿಂಕೆ ಕೂಗು, ದಿನಗಟ್ಟಲೆ ಅಲೆದಾಟ. ಜನರನ್ನ ಕೊಂದದ್ದು ಯಾವ ಹುಲಿ ಅಂತ ಗೊತ್ತುಮಾಡ್ಕೊಳ್ಳೋದೇ ಅರ್ಧ ಕೆಲಸ. ಸ್ಕೋಪು ಮೈಬಿಸಿ ತೋರಿಸುತ್ತೆ, ತಪ್ಪು ಯಾರದ್ದು ಅಂತ ಹೇಳಲ್ಲ. ಇನ್ನೊಂದು, ಗಾಯಗೊಂಡ ಪ್ರಾಣಿನ ಹಾಗೇ ಬಿಟ್ಟುಬರೋ ಹಾಗಿಲ್ಲ, ನಡ್ಕೊಂಡೇ ಹಿಂದೆ ಹೋಗ್ಬೇಕು. ಮುನ್ನೂರು ಮೀಟರ್ ದೂರದಿಂದ ಹೊಡೆಯೋನಿಗೆ ಆ ಹೊಣೆ ಮರೆತುಹೋಗೋದು ಸುಲಭ.

ಹಾಗಾದ್ರೆ ಆಂಡರ್ಸನ್ ಒಪ್ಪೋ ಇವತ್ತಿನ ಬಂದೂಕು ಯಾವುದು? ನನ್ನ ಪ್ರಕಾರ ಡಾರ್ಟ್ ಗನ್.

1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಶಿಕಾರಿ ಕಾಲ ಮುಗೀತು. ಹುಣಸೂರು, ಎಚ್.ಡಿ. ಕೋಟೆ ಕಡೆ ಹುಲಿ ಊರಿಗೆ ನುಗ್ಗಿದ್ರೆ ಈಗ ಬರೋದು ಅರಿವಳಿಕೆ ಮದ್ದಿನ ಬಂದೂಕು. ಅದಕ್ಕೆ ಹತ್ತಿರ ಹೋಗ್ಲೇಬೇಕು. ತೂಕ ಕಣ್ಣಲ್ಲೇ ಅಂದಾಜು ಮಾಡಿ ಮದ್ದು ಅಳೀಬೇಕು. ಡಾರ್ಟ್ ತಗುಲಿದ ತಕ್ಷಣ ಪ್ರಾಣಿ ಬೀಳಲ್ಲ, ಮದ್ದು ಹತ್ತೋಕೆ ನಿಮಿಷಗಳು ಬೇಕು. ಅಷ್ಟರಲ್ಲಿ ಅದು ಓಡುತ್ತೆ, ನೀವು ಹಿಂದೆ ಹೋಗ್ಬೇಕು. ಥೇಟ್ ಆಂಡರ್ಸನ್ ಕೆಲಸ. 2019ರ ಅಕ್ಟೋಬರಲ್ಲಿ ಗುಂಡ್ಲುಪೇಟೆ ಕಡೆ ಇಬ್ಬರನ್ನ ಕೊಂದಿದ್ದ ಹುಲಿನ ಹೀಗೇ ಜೀವಂತ ಹಿಡಿದ್ರು.

ಅಪಾಯವೂ ಹಾಗೇ ಇದೆ. 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆ ಆಲೂರು ತಾಲ್ಲೂಕಲ್ಲಿ 'ಆನೆ ವೆಂಕಟೇಶ್' ಅವರು ಗಾಯಗೊಂಡಿದ್ದ ಕಾಡಾನೆ ಭೀಮನಿಗೆ ಚಿಕಿತ್ಸೆ ಕೊಡೋಕೆ ಅಂತ ಡಾರ್ಟ್ ಹೊಡೆದ್ರು. ಆನೆ ತಿರುಗಿಬಿತ್ತು. ಅವರು ಉಳೀಲಿಲ್ಲ. ಕೊಲ್ಲೋಕಲ್ಲ, ಉಳಿಸೋಕೆ ಹತ್ತಿರ ಹೋದವರು ಅವರು.

ನಮ್ಮ ರೀಲ್ಸಲ್ಲಿ ಹೀರೋ ಯಾರು? ದೂರದಲ್ಲಿ ಕೂತು ಟ್ರಿಗರ್ ಒತ್ತೋನು. ಮುಂದಿನ ಸಲ ಅಂಥ ವಿಡಿಯೊಗೆ ಲೈಕ್ ಒತ್ತೋ ಮುಂಚೆ ವೆಂಕಟೇಶ್ ಅವರನ್ನ ಒಂದ್ಸಲ ನೆನೆಸ್ಕೊಳ್ಳಿ.

ನೀವು ಏನಂತೀರ? ಒಪ್ಪದೇ ಇರೋರು ಮೊದಲು ಕಮೆಂಟ್ ಮಾಡಿ 🙂

#ಮಿರ್ಲೆ #ಕಾಡಿನಕಥೆಗಳು #ಕೆನೆತ್‌ಆಂಡರ್ಸನ್ #ಆನೆವೆಂಕಟೇಶ್